ಎರಡು ಲ್ಯೂಟಿಗೆ ಒಂದೇ ಗಾಳಿ

ಹಾವೇರಿ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಂದೆಲ್ಲ ಹೇಳುತ್ತಾರೆ. ನಾನು ಅವುಗಳಲ್ಲಿ ಯಾವುದನ್ನೂ ನೋಡಲಿಲ್ಲ. ನೋಡಿದ್ದು ಒಂದು ಅಡುಗೆಮನೆ, ಒಂದು ಕಲ್ಲಿನ ಚರ್ಚು, ಅವೆರಡರ ನಡುವೆ ನಮ್ಮ ಎರೆ ಹೊಲದಷ್ಟೇ ಕಪ್ಪಾದ ಬಯಲು. ಈ ವಯಸ್ಸಿನಲ್ಲಿ, ಮಂಡಿಗೆ ಬೆಲ್ಟು ಕಟ್ಟಿಕೊಂಡು ಅಷ್ಟು ದೂರ ಹೋದದ್ದು ಇನ್ನೊಬ್ಬರ ಜೊತೆ ಕೂತು ಒಂದೇ ಒಂದು ಪೀಸ್ ನುಡಿಸಲಿಕ್ಕೆ. ಹುಚ್ಚು ಅಂದವರಿದ್ದಾರೆ. ಐ ಡೋಂಟ್ ಮೈಂಡ್.

ನನ್ನ ವಾದ್ಯದ ಹೆಸರು ಲ್ಯೂಟ್. ಸೋರೆಬುರುಡೆಯನ್ನು ಉದ್ದಕ್ಕೆ ಸೀಳಿ ಬಾಯಿಗೆ ತೆಳು ಹಲಗೆ ಮುಚ್ಚಿದಂತೆ ಅದರ ಒಡಲು. ಕತ್ತು ತುದಿಯಲ್ಲಿ ಮುರಿದು ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಹನ್ನೊಂದು ತಂತಿ: ಎಲ್ಲಕ್ಕೂ ಮೇಲಿನದು ಒಂಟಿ, ಉಳಿದವು ಜೋಡಿ ಜೋಡಿ. ತಂತಿ ಎಂದರೆ ಉಕ್ಕಿನದಲ್ಲ, ಕುರಿಯ ಕರುಳನ್ನು ಹೊಸೆದು ಮಾಡಿದ ಗಟ್ ಸ್ಟ್ರಿಂಗ್. ಹುಬ್ಬಳ್ಳಿಯಲ್ಲಿ ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದಾಗ ಸಿಸ್ಟರ್ ಮೋನಿಕಾ ಎಂಬ ಐರಿಶ್ ನನ್ ಇದನ್ನು ಕಲಿಸಿದರು. ಅವರ ಬಳಿ ಎರಡು ಲ್ಯೂಟ್ ಇದ್ದವು. ಜೋಡಿಯಾಗಿ ನುಡಿಸುವ ಪೀಸ್‌ನಲ್ಲಿ ಟ್ರೆಬಲ್ ಅವರದು. ಓಡುವುದು, ಜಿಗಿಯುವುದು, ಕಣ್ಣು ಮಿಟುಕಿಸುವುದು ಎಲ್ಲ ಟ್ರೆಬಲ್‌ನ ಕೆಲಸ. ನನ್ನದು ಗ್ರೌಂಡ್. ಅವೇ ಕೆಲವು ಸ್ವರಗಳು ಕೆಳಗೆ ಸುತ್ತಿ ಸುತ್ತಿ ಬರುತ್ತವೆ, ಮೇಲಿನವರು ಕುಣಿಯಲಿ ಎಂದು. ಸಿಸ್ಟರ್ ತಮ್ಮ ದೇಶಕ್ಕೆ ಮರಳುವಾಗ ಒಂದು ಲ್ಯೂಟ್ ನನಗೆ ಬಿಟ್ಟುಹೋದರು. ಅವರು ತೀರಿಕೊಂಡೂ ಬಹಳ ಕಾಲವಾಯಿತು.

ಅಂದಿನಿಂದ ನಾನು ಗ್ರೌಂಡನ್ನು ಒಬ್ಬಳೇ ನುಡಿಸುತ್ತ ಬಂದೆ. ಮದುವೆಯಾಗಿ ಹಾವೇರಿಗೆ ಬಂದೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ, ರಿಟೈರಾದೆ, ಗಂಡ ಹೋದರು. ಸಂಜೆಯಾದರೆ ಕೋರ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಪಡಸಾಲೆಯಿಂದ ಗ್ರೌಂಡ್ ಕೇಳಿಸುತ್ತಿತ್ತು. ಮೇಲಿನದು ನನ್ನ ತಲೆಯೊಳಗೆ, ಅದೂ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತ. ಪಕ್ಕದ ಮನೆಯ ವಕೀಲರು ಒಮ್ಮೆ ಕಾಂಪೌಂಡಿನ ಮೇಲಿಂದ ಇಣುಕಿ, "ಟೀಚರ್ರ, ಸಿಟ್ಟಾಗಬ್ಯಾಡ್ರಿ, ಈ ಹಾಡು ಯಾವಾಗ ಶುರು ಆಕ್ಕೈತ್ರಿ?" ಎಂದು ಕೇಳಿದರು. ನಾನು ನಕ್ಕೆ. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು.

ವಾಲ್ಟರ್ ಸಿಕ್ಕಿದ್ದು ಕಂಪ್ಯೂಟರಿನಲ್ಲಿ. ಇಂಗ್ಲೆಂಡಿನ ಈಲಿ ಎಂಬ ಊರಿನ ಹತ್ತಿರದ ಹಳ್ಳಿಯವರು, ರಿಟೈರ್ಡ್ ಎಂಜಿನಿಯರ್, ಹೆಂಡತಿ ಇಲ್ಲ, ಗಟ್ ತಂತಿಯ ಲ್ಯೂಟ್ ನುಡಿಸುತ್ತಾರೆ, ಅದೇ ಪೀಸಿನ ಟ್ರೆಬಲ್ ಅವರಿಗೆ ಬಾಯಿಪಾಠ. ವಿಡಿಯೋ ಕಾಲ್‌ನಲ್ಲಿ ಜೊತೆಗೆ ನುಡಿಸಲು ನೋಡಿದೆವು. ಅವರ ಸ್ವರ ಸಮುದ್ರ ದಾಟಿ ಬರುವಷ್ಟರಲ್ಲಿ ನಾನು ಮುಂದಿನ ಸ್ವರದಲ್ಲಿರುತ್ತಿದ್ದೆ. ಕೊನೆಗೆ ಇಬ್ಬರೂ ನಿಲ್ಲಿಸಿ ಒಬ್ಬರನ್ನೊಬ್ಬರು ನೋಡುತ್ತ ಕೂತುಬಿಡುತ್ತಿದ್ದೆವು. ಒಂದು ದಿನ ಅವರು ಬಲಗೈಯನ್ನು ಕ್ಯಾಮೆರಾದ ಮುಂದೆ ಹಿಡಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ವಿಮಲಾ, ಡಾಕ್ಟರು ಇದಕ್ಕೆ ಒಂದು ಹೆಸರು ಕೊಟ್ಟಿದ್ದಾರೆ. ಈ ಬೇಸಿಗೆ ಟ್ರೆಬಲ್ ನುಡಿಸಬಲ್ಲೆ. ಮುಂದಿನ ಬೇಸಿಗೆಗೆ ಮಾತು ಕೊಡಲಾರೆ" ಎಂದರು. ಬೇಸಿಗೆಯಲ್ಲಿ ಅವರ ಹಳ್ಳಿಯ ಚರ್ಚಿನಲ್ಲಿ ಕೆಲವು ಲ್ಯೂಟಿನವರು ಸೇರಿ ನುಡಿಸುವ ರೂಢಿಯಿದೆ.

"ಐ ಆಮ್ ಕಮಿಂಗ್" ಎಂದೆ. ಹೇಳಿಬಿಟ್ಟ ಮೇಲೆ ಪಾಸ್‌ಪೋರ್ಟ್ ಇಲ್ಲವೆಂಬುದು ನೆನಪಾಯಿತು.

ಆದರೆ ಪಾಸ್‌ಪೋರ್ಟಿಗಿಂತ ಹೆಚ್ಚು ಕಾಡಿದ್ದು ಶ್ರುತಿ. ಕರುಳಿನ ತಂತಿ ಗಾಳಿಯ ಪಸೆಗೆ ಕುಣಿಯುತ್ತದೆ. ನಮ್ಮ ಹಾವೇರಿಯ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇಲ್ಲ. ಎಲ್ಲವೂ ಒಟ್ಟಿಗೆ ಇಳಿದರೆ ಏನೋ ಒಂದು ಮಾಡಬಹುದು. ತೆಳ್ಳನೆಯದು ಒಂದು ದಾರಿ ಹಿಡಿದರೆ ದಪ್ಪನೆಯದು ಇನ್ನೊಂದು ದಾರಿ. ತಂತಿ ಬಿಗಿಯುವ ಮರದ ಗೂಟಗಳು ಒಣಗಿ ಜಾರುತ್ತವೆ. ಅದಕ್ಕೆ ಚಾಕ್‌ಪೀಸಿನ ಪುಡಿ ಹಚ್ಚುತ್ತೇನೆ. ಟೀಚರ ಮನೆಯಲ್ಲಿ ಅದಕ್ಕೆ ಬರವಿಲ್ಲ.

ಬ್ಯಾಡಗಿ

ಹೊರಡುವ ಮುಂಚೆ ತವರಿಗೆ ಹೋಗಿ ಹೇಳಿ ಬರಬೇಕಲ್ಲ. ನನ್ನ ತಮ್ಮ ಈರಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದಾನೆ, ನಮ್ಮಪ್ಪ ಇಟ್ಟಿದ್ದೇ ಅಂಗಡಿ. ಲ್ಯೂಟನ್ನು ಒಬ್ಬಂಟಿಯಾಗಿ ಬಿಟ್ಟು ಬರಲು ಮನಸ್ಸಾಗದೆ ಪೆಟ್ಟಿಗೆ ಸಮೇತ ತಂದಿದ್ದೆ. ಪಡಸಾಲೆಯಲ್ಲಿ ಇಟ್ಟು ಇನ್ನೂ ನೀರು ಕುಡಿದಿರಲಿಲ್ಲ, ಈರಣ್ಣನ ಹೆಂಡತಿ ಗೌರಮ್ಮ ಬಂದು ನಿಂತಳು.

"ಯಕ್ಕಾ, ಇದರ ತಂತಿ ಎದರದ್ದು ಅಂದಿದ್ರಿ?"

"ಕುರಿ ಕರುಳಿಂದವಾ."

"ಶಿವ ಶಿವಾ! ದೇವರ ಮನಿ ಎದರಿಗೇ ಇಟ್ಟೀರಲ್ರಿ!"

"ಪೆಟ್ಟಿಗಿ ಮುಚ್ಚೇತಲ್ಲವಾ."

"ಮುಚ್ಚಿದ್ರ ಏನಾತ್ರಿ, ಒಳಗಿರೂದು ಕರುಳಽ ಅಲ್ಲೇನ್ರಿ?"

ಐವತ್ತು ವರ್ಷ ಅದನ್ನು ಮಡಿಲಲ್ಲಿ ಇಟ್ಟುಕೊಂಡವಳು ನಾನು. ಪೆಟ್ಟಿಗೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಈರಣ್ಣನೇ ರಾಜಿ ಮಾಡಿಸಿದ. "ಯಕ್ಕಾ, ನಮ್ಮ ಗೋದಾಮಿನ್ಯಾಗ ಇಡೂಣು. ಅಲ್ಲಿ ಮಡಿ ಇಲ್ಲಾ, ಮೈಲಿಗಿ ಇಲ್ಲಾ. ಬರೇ ಸೀನು."

ಹಾಗೆ ನನ್ನ ಲ್ಯೂಟ್ ಒಂದು ರಾತ್ರಿ ಮೆಣಸಿನಕಾಯಿ ಚೀಲಗಳ ನಡುವೆ ಮಲಗಿತು. ಬೆಳಿಗ್ಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗಿ ಪೆಟ್ಟಿಗೆ ತೆಗೆದೆ. ಒಂದೊಂದೇ ತಂತಿ ಮೀಟಿದೆ. ಹನ್ನೊಂದೂ ಇಟ್ಟಲ್ಲಿಯೇ ಇದ್ದವು! ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಚೀಲ ಹೊರಲು ಬಂದ ಹಮಾಲರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಗ್ರೌಂಡ್ ಒಂದು ಸುತ್ತು ನುಡಿಸಿ, ಒಂದು ಸಲ ಸೀನಿ, ಮತ್ತೆ ನುಡಿಸಿದೆ.

"ಒಣಾ ಮೆಣಸಿನಕಾಯಿ ಗಾಳ್ಯಾಗಿನ ಹಸಿ ಎಲ್ಲಾ ತಾನಽ ಕುಡದಬಿಡತೈತಿ ಯಕ್ಕಾ. ಅದರ ನಡುವ ಇಟ್ಟಿದ್ದು ಹೆಚ್ಚೂ ಆಗಂಗಿಲ್ಲ, ಕಡಿಮಿನೂ ಆಗಂಗಿಲ್ಲ" ಎಂದ ಈರಣ್ಣ. ಅಪ್ಪ ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ್ದರು: ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಬೀಜ ಗಿಲಕಿಯಂತೆ ಆಡಿದರೆ ಒಣಗಿದೆ. ಸದ್ದಿಲ್ಲದೆ ಚರ್ಮದಂತೆ ಬಾಗಿದರೆ ಪಸೆ ಇದೆ. ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಗಿಲಿಗಿಲಿ.

ಇಂಗ್ಲೆಂಡಿನ ತೇವಕ್ಕೆ ಮದ್ದು ಸಿಕ್ಕಿತು ಎಂದು ನನಗೆ ಹಿಗ್ಗೋ ಹಿಗ್ಗು. ಗೌರಮ್ಮ ದಪ್ಪ ಬಟ್ಟೆಯಲ್ಲಿ ಎರಡು ಚೀಲ ಹೊಲಿದು, ಚೆನ್ನಾಗಿ ಒಣಗಿದ ಕಾಯಿ ತುಂಬಿ, ತಾನೇ ಬಾಯಿ ಕಟ್ಟಿಕೊಟ್ಟಳು. ಕರುಳಿನ ಪೆಟ್ಟಿಗೆಯನ್ನು ಮುಟ್ಟದೆ, ಚೀಲಗಳನ್ನು ದೂರದಿಂದ ನನ್ನ ಕೈಗೆ ಹಾಕಿದಳು, ಅದು ಬೇರೆ ಮಾತು.

ರಾಣೆಬೆನ್ನೂರು

ನನ್ನ ಜೊತೆಗೆ ಬಂದವಳು ಶಂಷಾದ್. ಕಾನ್ವೆಂಟಿನಲ್ಲಿ ನನ್ನ ಪಕ್ಕದ ಮಂಚದವಳು. ಅಪ್ಪ ಕರೆದನೆಂದು ನಡುವೆಯೇ ಶಾಲೆ ಬಿಟ್ಟು ಊರಿಗೆ ಬಂದು, ಮುಂದೆ ರಾಣೆಬೆನ್ನೂರಿನ ಅವರ ಗಾದಿ ಅಂಗಡಿಯನ್ನು ಅವಳೇ ನಡೆಸಿದಳು. ಈಗ ಸೊಸೆ ನೋಡಿಕೊಳ್ಳುತ್ತಾಳೆ, ಇವಳು ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂತು ತಪ್ಪು ಹುಡುಕುತ್ತಾಳೆ. ಅವರು ಹತ್ತಿ ಹಿಂಜುವ ನದಾಫರ ಮನೆತನ. ಅವಳಪ್ಪನ ಹಿಂಜುವ ಬಿಲ್ಲು ಈಗಲೂ ಅಂಗಡಿಯ ಗೋಡೆಯ ಮೇಲಿದೆ. ಅದಕ್ಕೂ ಕರುಳಿನದೇ ತಂತಿ.

"ಇದಕ್ಕೂ ನಿನ್ನ ಬುರುಡಿಗೂ ಒಂದಽ ಕುಲ" ಎಂದು ಅದನ್ನು ಮೀಟಿದಳು. ಧಪ್ ಎಂದಿತು. "ಆದ್ರ ನಮ್ಮದಕ್ಕ ಶ್ರುತಿ ಗಿರತಿ ಏನೂ ಬೇಕಾಗಿಲ್ಲ. ಹತ್ತಿ ಬಿಡಿಸಿದ್ರ ಸಾಕು. ಶಾಣ್ಯಾನ ಬಿಲ್ಲು."

ಯಾಕೆ ಹೋಗುತ್ತೀರಿ ಎಂದು ಸೊಸೆ ಕೇಳಿದ್ದಕ್ಕೆ ಇವಳ ಉತ್ತರ: "ಈಕಿ ಅಲ್ಲಿ ಹೋಗಿ ಗೂಟಾ ತಿರುವಿಕೋತ ಕುಂದ್ರತಾಳ. ಹೊಟ್ಟಿಗೆ ಹಾಕವರು ಯಾರು?" ಖರೇ ಕಾರಣ ಬೇರೆ, ಅವಳಿಗೂ ಪೂರ್ತಿ ಪೀಸ್ ಕೇಳಬೇಕಿತ್ತು. ಟ್ರೆಬಲ್ ಇದ್ದಾಗ ಆ ಪೀಸ್ ಹೇಗಿತ್ತೆಂಬುದನ್ನು ನಮ್ಮ ಕಾನ್ವೆಂಟಿನಲ್ಲಿ ಕೇಳಿದವರಲ್ಲಿ ಬದುಕಿರುವವಳು ನಾನೊಬ್ಬಳೇ. ಶಂಷಾದ್ ಶಾಲೆ ಬಿಟ್ಟ ಮೇಲೆ ಸಿಸ್ಟರ್ ನನಗೆ ಅದನ್ನು ಕಲಿಸಿದ್ದು. ಅವಳು ನಮ್ಮ ಪಡಸಾಲೆಯಲ್ಲಿ ನೂರಾರು ಸಲ ಗ್ರೌಂಡ್ ಕೇಳಿದ್ದಾಳೆ, ಪ್ರತಿ ಸಲ ಮುಗಿದ ಮೇಲೆ "ಆತೇನ? ಇಷ್ಟಽ?" ಎನ್ನುತ್ತಾಳೆ.

ಬೆಂಗಳೂರಿನ ರೈಲು ಹತ್ತಿದೆವು. ಕುಮಾರಪಟ್ಟಣದ ಹತ್ತಿರ ಹೊಳೆ ದಾಟುವ ಮೊದಲೇ ಎದುರು ಸೀಟಿನವರು ನಮ್ಮಿಬ್ಬರ ಊರು, ಮಕ್ಕಳು, ಮೊಣಕಾಲು ನೋವು, ಪೆಟ್ಟಿಗೆಯಲ್ಲಿರುವುದು ಏನು, ಅದು ಏಕೆ, ಎಲ್ಲ ಕೇಳಿ ಮುಗಿಸಿದ್ದರು. "ಒಂದ ಹಾಡಿಗೆ ಇಂಗ್ಲೆಂಡಿಗೇನ್ರೀ? ಮೊಬೈಲ್ನ್ಯಾಗ ಸಿಗತಿರಲಿಲ್ಲೇನ್ರಿ?" ಎಂದು ಮರುಗಿದರು.

ವಿಮಾನ ನಿಲ್ದಾಣ

ಲಂಡನ್ನಿನಲ್ಲಿ ಇಳಿದಾಗ ಒಬ್ಬ ಎಳೆಯ ಆಫೀಸರ್ ಪೆಟ್ಟಿಗೆ ತೆಗೆಸಿದ. ಚೀಲವನ್ನು ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದ. ಹಿಡಿದ ನೋಡಿ ಸೀನು! ನಿಲ್ಲಲೇ ಇಲ್ಲ. ಶಂಷಾದ್ ಕಾನ್ವೆಂಟಿನಲ್ಲಿ ಕಲಿತದ್ದನ್ನು ಮರೆತಿರಲಿಲ್ಲ. ಪ್ರತಿ ಸೀನಿಗೂ ತಪ್ಪದೆ "ಬ್ಲೆಸ್ ಯೂ, ಬ್ಲೆಸ್ ಯೂ" ಅಂದಳು.

"ಮ್ಯಾಡಮ್, ಇದು ಅಡುಗೆಗಾ?"

"ನೋ, ಯಂಗ್ ಮ್ಯಾನ್. ಫಾರ್ ಟ್ಯೂನಿಂಗ್."

ಅವನು ಕಣ್ಣೊರೆಸಿಕೊಂಡು ನನ್ನನ್ನೂ ಚೀಲವನ್ನೂ ಲ್ಯೂಟನ್ನೂ ನೋಡಿ, ಇನ್ನೊಂದು ಪ್ರಶ್ನೆ ಕೇಳುವ ಧೈರ್ಯವಾಗದೆ ಬಿಟ್ಟುಬಿಟ್ಟ.

ಈಲಿಯ ಬಯಲು

ವಾಲ್ಟರ್ ಸ್ಟೇಷನ್ನಿಗೆ ಬಂದಿದ್ದರು. ಪರದೆಯಲ್ಲಿ ತಲೆ, ಹೆಗಲು ಮಾತ್ರ ನೋಡಿದ್ದೆ. ಇಷ್ಟು ಉದ್ದದ ಮನುಷ್ಯ ಅಂದುಕೊಂಡಿರಲಿಲ್ಲ. ಕೈ ಕುಲುಕಲು ಎಡಗೈ ಕೊಟ್ಟರು. ನಾನೂ ಏನೂ ಗಮನಿಸದವಳಂತೆ ಎಡಗೈ ಕೊಟ್ಟೆ.

ಆ ಕಡೆಯ ಭೂಮಿ ಅಂಗೈಯಂತೆ ಸಪಾಟು, ಮಣ್ಣು ಕಪ್ಪು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಅಲ್ಲಿಯದು ವರ್ಷವಿಡೀ ಒದ್ದೆ. ಹಿಂದೆ ಅದೆಲ್ಲ ಜೌಗು ನೆಲವಂತೆ. ಕಾಲುವೆ ತೋಡಿ, ಪಂಪು ಹಚ್ಚಿ ನೀರು ಹೊರಗೆ ಹಾಕುತ್ತಲೇ ಇರಬೇಕು. ಹೊಲ ಕೆಳಗೆ, ನದಿ ಮೇಲೆ! ಆ ಪಂಪುಗಳನ್ನು ನೋಡಿಕೊಳ್ಳುವುದೇ ವಾಲ್ಟರ್ ಅವರ ಕೆಲಸವಾಗಿತ್ತು. ಜೀವಮಾನವೆಲ್ಲ ಊರಿನ ನೀರು ಹೊರಗೆ ಹಾಕಿದವರ ಮನೆಯ ಗೋಡೆಯ ಮೇಲೆ ತೇವದ ಕಲೆ ಮಾತ್ರ ಹಾಗೇ ಇತ್ತು.

ದಾರಿಯಲ್ಲಿ ಕುರಿಗಳ ಹಿಂಡು ಕಂಡಾಗ ಶಂಷಾದ್ ಕಾರಿನ ಗಾಜಿಗೆ ಹಣೆ ಹಚ್ಚಿದಳು. "ಏ ವಿಮಲಾ, ನೋಡಬೇ, ನಿನ್ನ ತಂತಿ ಎಷ್ಟ ಚಂದ ಮೇಯಾಕತ್ತಾವ!" ಏನೆಂದರು ಎಂದು ವಾಲ್ಟರ್ ಕೇಳಿದರು. ಅನುವಾದಿಸಿದೆ. ಅವರು ನಗುವುದನ್ನು ನಾನು ಮೊದಲು ಕಂಡದ್ದು ಆಗ.

ಅಲ್ಲಿಯವರ ರೀತಿ ವಿಚಿತ್ರ. ಯಾರೂ ಏನನ್ನೂ ಕೇಳುವುದಿಲ್ಲ. ಸೀರೆಯುಟ್ಟ ಇಬ್ಬರು ಮುದುಕಿಯರು ಹಳ್ಳಿಯ ದಾರಿಯಲ್ಲಿ ನಡೆದರೆ "ಲವ್ಲಿ ಮಾರ್ನಿಂಗ್" ಎಂದು ಹೇಳಿ ಮುಂದೆ ಹೋಗುತ್ತಾರೆ. "ಯಾರು, ಯಾಕ ಬಂದೀರಿ, ಊಟ ಆತೇನು, ಒಂದಾದರೂ ಕೇಳಬಾರದಾ? ನಾವೇನ ಕರೆಂಟಿನ ಕಂಬೇನು?" ಎಂದು ಶಂಷಾದ್ ನೊಂದುಕೊಂಡಳು. ಕ್ಷಮೆ ಮಾತ್ರ ಧಾರಾಳ. ವಾಲ್ಟರ್ ಬಾಗಿಲಿಗೆ ಸಾರಿ ಅನ್ನುತ್ತಾರೆ, ಬೆಕ್ಕಿಗೆ ಸಾರಿ ಅನ್ನುತ್ತಾರೆ, ಲ್ಯೂಟಿನ ಗೂಟ ಜೋರಾಗಿ ತಿರುವಿದರೆ "ಸಾರಿ, ಓಲ್ಡ್ ಗರ್ಲ್" ಎಂದು ಅದಕ್ಕೂ ಹೇಳುತ್ತಾರೆ. ನಾವು ಹಾವೇರಿಯಲ್ಲಿ ಗೂಟಕ್ಕೆ ಬೇರೆಯದೇ ಹೇಳುತ್ತೇವೆ.

ವಾಲ್ಟರ್ ಅವರ ಅಡುಗೆಮನೆ

ಮೊದಲ ದಿನ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಎದುರುಬದುರು ಕೂತೆವು. ಪ್ರಯಾಣಕ್ಕೆಂದು ಸಡಿಲಿಸಿದ್ದ ತಂತಿಗಳನ್ನು ಬಿಗಿದು ಶ್ರುತಿ ಕೂಡಿಸಿದೆ. ಅವರ ಲ್ಯೂಟಿಗೆ ಹೋಲಿಸಿದೆ. ಸರಿಯಾಯಿತು. ಅವರು ಒಂದು ಗುಟುಕು ಚಹಾ ಕುಡಿದು ಕಪ್ ಇಡುವಷ್ಟರಲ್ಲಿ ನನ್ನ ನಾಲ್ಕನೆಯ ಜೋಡಿ ಏರಿತ್ತು, ಮೇಲಿನ ತಂತಿ ಇಳಿದಿತ್ತು. ಮತ್ತೆ ಕೂಡಿಸಿದೆ. ಮತ್ತೆ ಹೋಯಿತು. ಹೊಸದಾಗಿ ಬಿಗಿದದ್ದಲ್ಲವೇ, ನಾಳೆ ನೆಲೆಗೊಳ್ಳುತ್ತದೆ ಎಂದುಕೊಂಡು, ಮೆಣಸಿನಕಾಯಿ ಚೀಲಗಳ ನಡುವೆ ಮಲಗಿಸಿ ಪೆಟ್ಟಿಗೆ ಭದ್ರವಾಗಿ ಮುಚ್ಚಿದೆ.

ಮರುದಿನ ತೆಗೆದಾಗ ಹೆಚ್ಚು ಕಡಿಮೆ ಇಟ್ಟಂತೆಯೇ ಇತ್ತು. ನನ್ನ ಬ್ಯಾಡಗಿ ಮದ್ದಿನ ಬಗ್ಗೆ ಹೆಮ್ಮೆಯಿಂದ ಎರಡು ಮಾತಾಡಿದೆ. ಮಾತು ಮುಗಿಯುವ ಮೊದಲೇ ತಂತಿಗಳು ದಾರಿ ಬಿಟ್ಟವು. ಆ ದಿನವೆಲ್ಲ ಅದೇ: ಪೆಟ್ಟಿಗೆಯಿಂದ ತೆಗೆದರೆ ಕೆಡುತ್ತದೆ, ಹೆದರಿ ಒಳಗಿಟ್ಟರೆ ಸುಧಾರಿಸುತ್ತದೆ, ತೆಗೆದರೆ ಮತ್ತೆ ಕೆಡುತ್ತದೆ. ಪೀಸಿನ ಒಂದು ಸುತ್ತೂ ಪೂರ್ತಿಯಾಗಲಿಲ್ಲ. ಟ್ರೆಬಲ್‌ನ ಮೊದಲ ಓಟ ಕೇಳಿಸಿತು, ಹೌದು, ಇದೇ, ಇದೇ. ಅಷ್ಟರಲ್ಲಿ ನನ್ನ ತಂತಿ ಅಪಸ್ವರ ಹಾಡಿತು, ಇಬ್ಬರೂ ನಿಂತೆವು. ವಾಲ್ಟರ್ ಮತ್ತೆ ಮೊದಲಿಂದ ಹಿಡಿಯುತ್ತಿದ್ದರು. ಆದರೆ ಪ್ರತಿ ಸಲ ಹೊಸದಾಗಿ ಶುರು ಮಾಡಿದಾಗ ಅವರ ಕೈ ಹೆಚ್ಚು ದಣಿದಿರುವುದು ಕಾಣುತ್ತಿತ್ತು. ನಾನು ಅವರಿಗಿರುವ ಸ್ವಲ್ಪ ಬಲವನ್ನು ಸುಮ್ಮನೆ ಖರ್ಚು ಮಾಡಿಸುತ್ತಿದ್ದೆ.

ಪಕ್ಕದ ಮನೆಯ ಜೋನ್ ಎಂಬಾಕೆ, ತಾನೂ ಲ್ಯೂಟ್ ನುಡಿಸುವವಳು, ನೈಲಾನ್ ತಂತಿಗಳ ಪೊಟ್ಟಣ ತಂದಳು. "ಇವನ್ನು ಹಾಕಿಬಿಡಿ, ಡಿಯರ್. ಮಳೆ ಬರಲಿ, ಬಿಸಿಲಿರಲಿ, ಅಲ್ಲಾಡುವುದಿಲ್ಲ. ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗುತ್ತದೆ" ಎಂದೆ. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು, ನಾನು ಅಷ್ಟು ಬಿರುಸಾಗಿ ಹೇಳಬಾರದಿತ್ತು. ಆದರೆ ಗಟ್ ತಂತಿ ಮೀಟಿದಾಗ ಸ್ವರಕ್ಕೆ ಮೊದಲು ಒಂದು ಸಣ್ಣ ಉಸಿರಿನ ಸದ್ದು ಇರುತ್ತದೆ, ಯಾರೋ ಹಾಡುವ ಮುನ್ನ ಬಾಯಿ ತೆರೆದಂತೆ. ನೈಲಾನಿನಲ್ಲಿ ಅದಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಕೇಳಿದ್ದು ಆ ಉಸಿರನ್ನೂ ಸೇರಿಸಿ. ಅದನ್ನು ಬಿಟ್ಟು ಉಳಿದದ್ದನ್ನು ಕೇಳಲು ಇಷ್ಟು ದೂರ ಬರಬೇಕಿರಲಿಲ್ಲ. ವಾಲ್ಟರ್ ಕೆಟಲ್ ಕಡೆ ತಿರುಗಿ, "ಕ್ವೈಟ್ ರೈಟ್" ಎಂದು ಮೆಲ್ಲಗೆ ಅಂದದ್ದು ಕೇಳಿಸಿತು.

ಕಿಟಕಿಯ ಕಟ್ಟೆ

ಚರ್ಚಿನಲ್ಲಿ ನುಡಿಸುವುದಕ್ಕೆ ಒಂದು ದಿನ ಮೊದಲು, ಬೆಳಿಗ್ಗೆ, ಶಂಷಾದ್ ಬಟಾಟೆ ಪಲ್ಯ ಮಾಡುತ್ತಿದ್ದಳು. ಅಲ್ಲಿಯ ಬಟಾಟೆಯನ್ನು ಅದು ಇದ್ದಂತೆ ತಿನ್ನುವುದು ಅವಳಿಂದ ಆಗುತ್ತಿರಲಿಲ್ಲ. ಹಿಂದಿನ ಸಂಜೆಯೇ ನನ್ನ ಚೀಲ ಬಿಚ್ಚಿ ನಾಲ್ಕು ಕಾಯಿ ಕದ್ದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು.

"ಇದೇನಬೇ, ನಿಮ್ಮ ತಮ್ಮ ಎಂಥಾ ಕಾಯಿ ಕೊಟ್ಟಾನ! ಮುರಿಯವಲ್ದು. ಚರ್ಮಾ ಆಗೇತಿ ಚರ್ಮಾ."

"ಸುಳ್ಳ ಹೇಳಬ್ಯಾಡ. ಈರಣ್ಣ ಆರಿಸಿ ಕೊಟ್ಟಾನ."

"ತಗೋ, ನೀನಽ ನೋಡ."

ತೆಗೆದುಕೊಂಡು ಅಲ್ಲಾಡಿಸಿದೆ. ಸದ್ದಿಲ್ಲ. ಬಾಗಿಸಿದೆ, ಬಾಗಿತು. ನಮ್ಮಪ್ಪನ ಅಂಗಡಿಯ ಮಾನ ಹೋದಂತಾಗಿ ಸರಸರನೆ ಪೆಟ್ಟಿಗೆಯಿಂದ ಇನ್ನೊಂದು ಕಾಯಿ ತಂದು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದೆ. ಗಿಲಿಗಿಲಿ. "ಇದು ಕೇಳು. ಒಂದಽ ಚೀಲದ್ದು ಎರಡೂ."

ಹೇಳಿದ ಮೇಲೆ ನನ್ನ ಕೈ ಅಲ್ಲೇ ನಿಂತಿತು. ಒಂದೇ ಚೀಲದ ಎರಡು ಕಾಯಿ: ಕಟ್ಟೆಯ ಮೇಲಿದ್ದದ್ದು ಈಲಿಯ ಗಾಳಿ ಕುಡಿದು ಮೆತ್ತಗಾಗಿದೆ, ಪೆಟ್ಟಿಗೆಯೊಳಗಿನದು ಇನ್ನೂ ಬ್ಯಾಡಗಿಯಲ್ಲೇ ಇದೆ. ನನ್ನ ಲ್ಯೂಟೂ ಬ್ಯಾಡಗಿಯಲ್ಲೇ ಇದೆ! ಅದಕ್ಕೆ ಊರು ಬಿಟ್ಟದ್ದೇ ಗೊತ್ತಿಲ್ಲ. ಪ್ರತಿ ಸಲ ಮುಚ್ಚಳ ತೆಗೆದಾಗ ಅದು ನಮ್ಮ ಒಣ ಗೋದಾಮಿನಿಂದ ನೇರ ಈ ಜೌಗಿಗೆ ಬೀಳುತ್ತದೆ, ಗಾಬರಿಯಾಗುತ್ತದೆ. ಇಲ್ಲಿಯ ಗಾಳಿಗೆ ಅದು ಹೊಂದಿಕೊಳ್ಳಲು ನಾನೇ ಬಿಟ್ಟಿರಲಿಲ್ಲ. ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹೌ ಸಿಲ್ಲಿ!

ವಾಲ್ಟರ್‌ಗೆ ಎರಡು ಕಾಯಿಗಳನ್ನೂ ತೋರಿಸಿ ಹೇಳಿದೆ. ಅವರು ಎರಡನ್ನೂ ಗಂಭೀರವಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು. "ಹಾಗಾದರೆ ಚೀಲಗಳನ್ನು ತೆಗೆದು, ಅದನ್ನು ಹೊರಗೇ ಇಡಬೇಕು. ಆದರೆ ವಿಮಲಾ, ಇಷ್ಟು ವರ್ಷ ಒಣ ಊರಿನಲ್ಲಿದ್ದ ಮರ. ಒಮ್ಮೆಲೇ ತೇವ ಎಳೆದುಕೊಂಡರೆ ಅಂಟು ಬಿಡಬಹುದು. ಹಲಗೆ ಏಳಬಹುದು. ರಿಪೇರಿಗೆ ತಿಂಗಳುಗಳು ಬೇಕು. ನೀವು ಯೋಚಿಸಿ."

ಯೋಚಿಸಿದೆ. ಸಿಸ್ಟರ್ ಮೋನಿಕಾ ಕೊಟ್ಟದ್ದು, ಇನ್ನೊಂದು ಸಿಗುವುದಿಲ್ಲ. ಆದರೆ ಅದನ್ನು ಹುಷಾರಾಗಿ ಹಾವೇರಿಗೆ ವಾಪಸು ಒಯ್ದು ಏನು ಮಾಡಲಿ? ಮತ್ತೆ ಪಡಸಾಲೆಯಲ್ಲಿ ಅರ್ಧ ಪೀಸ್ ನುಡಿಸಲೇ? ಇಲ್ಲಿ ಕೂತಿರುವ ಮನುಷ್ಯನ ಕೈ ತಿಂಗಳುಗಟ್ಟಲೆ ಕಾಯುವುದಿಲ್ಲ.

"ಬಿಟ್ಟರೆ ಬಿಡಲಿ" ಎಂದೆ. ಲ್ಯೂಟನ್ನು ತೆಗೆದು ಮೇಜಿನ ಮೇಲೆ ಅವರದರ ಪಕ್ಕದಲ್ಲಿ ಮಲಗಿಸಿ, ಕಿಟಕಿ ತೆಗೆದೆ. ಮೆಣಸಿನಕಾಯಿ ಚೀಲ ಎರಡನ್ನೂ ಶಂಷಾದ್‌ಳ ವಶಕ್ಕೆ ಕೊಟ್ಟೆ. ಅವಳಿಗಿಂತ ಸುಖಿ ಆ ಮನೆಯಲ್ಲಿ ಆಗ ಇನ್ನೊಬ್ಬರಿರಲಿಲ್ಲ.

ಆ ದಿನ ನಾವು ಲ್ಯೂಟುಗಳನ್ನು ಮುಟ್ಟಲಿಲ್ಲ. ಕಾಲುವೆಯ ದಂಡೆಯ ಮೇಲೆ ನಡೆದೆವು. ವಾಲ್ಟರ್ ತಮ್ಮ ಹಳೆಯ ಪಂಪಿನ ಮನೆ ತೋರಿಸಿದರು. ನಾನು ಪಂಪು ನೋಡುತ್ತ, ಒಳಗೆಲ್ಲೋ ಮರ ಬಿರಿಯುವ ಸದ್ದಿಗೆ ಕಿವಿ ಕೊಡುತ್ತಿದ್ದೆ.

ಚರ್ಚು

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆರೆಯಲು ನನಗೇ ಕೈ ಬರಲಿಲ್ಲ. ಶಂಷಾದ್ ನೂಕಿದಳು. ಒಡಲು ಸರಿಯಾಗಿತ್ತು, ಬೆರಳಿನಿಂದ ತಟ್ಟುತ್ತ ಸುತ್ತಲೂ ನೋಡಿದೆ, ಎಲ್ಲೂ ಅಂಟು ಬಿಟ್ಟಿರಲಿಲ್ಲ. ಆದರೆ ಮೇಲಿನ ತಂತಿ ತುಂಡಾಗಿ ಸುರುಳಿ ಸುತ್ತಿ ಬಿದ್ದಿತ್ತು. ಊರಿನಲ್ಲಿ ಜಾರುತ್ತಿದ್ದ ಗೂಟಗಳು ತೇವ ಕುಡಿದು ಉಬ್ಬಿ, ಸಿಮೆಂಟಿನಲ್ಲಿ ಕೂಡಿಸಿದಂತೆ ಕೂತಿದ್ದವು. ಚಾಕ್‌ಪೀಸ್ ಅಲ್ಲ, ಈಗ ಸಾಬೂನು ಬೇಕಾಯಿತು. ವಾಲ್ಟರ್ ಒಂದೊಂದೇ ಗೂಟ ಕಿತ್ತು ಕೊಡುತ್ತಿದ್ದರು, ಪ್ರತಿಯೊಂದಕ್ಕೂ ಒಂದು ಸಾರಿ ಹೇಳಿ. ನಾನು ಸಾಬೂನು ಸವರುತ್ತಿದ್ದೆ.

ಮುರಿದ ತಂತಿಗೆ ಬದಲು ಅವರದೇ ಹೊಸದೊಂದನ್ನು ಕೊಟ್ಟರು. ಗಟ್ ತಂತಿಯನ್ನು ಕಟ್ಟುವ ಮೊದಲು ಎರಡೂ ಕೈಯಿಂದ ಎಳೆದು ಹಿಡಿದು ಮೀಟಿ ನೋಡಬೇಕು. ನಡುಕದಲ್ಲಿ ಎರಡು ಸ್ವಚ್ಛ ಗೆರೆ ಕಂಡರೆ ಖರೇ ತಂತಿ. ಗೆರೆಗಳು ಕಲಸಿಹೋದರೆ ಅದು ಎಂದೂ ಶ್ರುತಿಗೆ ಬರುವುದಿಲ್ಲ. ನಾನು ಎಳೆದು ಹಿಡಿದೆ, ಶಂಷಾದ್ ಮೀಟಿದಳು, ವಾಲ್ಟರ್ ಕನ್ನಡಕ ಏರಿಸಿ ನೋಡಿದರು. ಎರಡು ಗೆರೆ.

ಆಮೇಲೆ ನನ್ನ ತಂತಿಗಳನ್ನೆಲ್ಲ ಅವರ ಲ್ಯೂಟಿಗೆ ಕಿವಿಯಿಂದಲೇ ಕೂಡಿಸಿ, ಫೋನಿನಲ್ಲಿರುವ ಟ್ಯೂನರ್ ಹಚ್ಚಿದೆವು. ಅದರ ಪ್ರಕಾರ ನನ್ನ ಲ್ಯೂಟ್ ತಪ್ಪು, ಅವರದೂ ತಪ್ಪು. ಆದರೆ ಎರಡನ್ನೂ ಒಟ್ಟಿಗೆ ಮೀಟಿದಾಗ, ಆ ಹೊಸ ತಂತಿ ಒಂದನ್ನು ಬಿಟ್ಟರೆ, ಒಂದರೊಳಗೊಂದು ಕೂತವು, ಕೂತಲ್ಲೇ ಉಳಿದವು. ರಾತ್ರಿಯೆಲ್ಲ ಅಕ್ಕಪಕ್ಕ ಮಲಗಿ ಒಂದೇ ಗಾಳಿಗೆ ಹೊಂದಿಕೊಂಡಿದ್ದವು. ವಾಲ್ಟರ್ ಫೋನನ್ನು ಆರಿಸಿ ಬ್ರೆಡ್ ಡಬ್ಬಿಯೊಳಗೆ ಇಟ್ಟರು. ಮುಖ ಮಾತ್ರ ಬದಲಾಗಲಿಲ್ಲ.

ಚರ್ಚು ಸಣ್ಣದು, ಮೇ ತಿಂಗಳಲ್ಲೂ ಒಳಗೆ ಹೊಳೆಯ ದಂಡೆಯ ತಂಪು. ಜನ ಹೆಚ್ಚೇನಿಲ್ಲ, ಜೋನ್ ಮುಂದಿನ ಸಾಲಿನಲ್ಲಿ, ಶಂಷಾದ್ ಅವಳ ಪಕ್ಕದಲ್ಲಿ ಶಾಲು ಹೊದ್ದು. ನಮ್ಮ ಸರದಿ ಬಂದಾಗ ಶ್ರುತಿ ನೋಡಿದೆವು. ಹೊಸ ತಂತಿ ಇಳಿದಿತ್ತು, ಏರಿಸಿದೆ. ಕೂಡಿಸಿ ಮುಗಿಸುವಷ್ಟರಲ್ಲಿ ಇನ್ನೊಮ್ಮೆ ಇಳಿಯಿತು, ಇನ್ನೊಮ್ಮೆ ಏರಿಸಿದೆ. ಜನ ಕೆಮ್ಮಲಿಲ್ಲ, ಗೊಣಗಲಿಲ್ಲ, ಸುಮ್ಮನೆ ಕಾದರು. ನಮ್ಮ ಕಡೆ ಇಷ್ಟರಲ್ಲಿ ಯಾರಾದರೂ "ನಡೀಲ್ರಿ ಇನ್ನ" ಅಂದಿರುತ್ತಿದ್ದರು.

ನಾನು ಶುರು ಮಾಡಿದೆ. ಗ್ರೌಂಡೇ ಮೊದಲು. ಒಂದು ಸುತ್ತಾದ ಮೇಲೆ ಟ್ರೆಬಲ್ ಬಂತು.

ಅದನ್ನು ಹೇಗೆ ಬರೆಯಲಿ? ನನ್ನ ತಲೆಯಲ್ಲಿ ಉಳಿದಿದ್ದ ಟ್ರೆಬಲ್ ಇದಲ್ಲ. ಕಾಲಕಾಲಕ್ಕೆ ನಾನೇ ಅದನ್ನು ಮೆತ್ತಗೆ, ದುಃಖದ್ದಾಗಿ ಮಾಡಿಕೊಂಡಿದ್ದೆ. ಇದು ತುಂಟತನದ್ದು! ನನ್ನ ಪ್ರತಿ ಸ್ವರವನ್ನೂ ಕೆಣಕುತ್ತ, ನಾನು ಕಾಲಿಟ್ಟಲ್ಲಿಂದ ಹಾರುತ್ತ, ಮತ್ತೆ ನನ್ನ ಮೇಲೆಯೇ ಬಂದು ಇಳಿಯುತ್ತ. ಸಿಸ್ಟರ್ ಮೋನಿಕಾ ನುಡಿಸುವಾಗ ತುಟಿ ಕಚ್ಚಿ ನಗು ತಡೆಯುತ್ತಿದ್ದದ್ದು ಏಕೆಂದು ಅಲ್ಲಿ ಕೂತು ತಿಳಿಯಿತು. ನನ್ನ ನಾಲ್ಕನೆಯ ಜೋಡಿ ಜನರ ಉಸಿರಿಗೋ ಏನೋ ಮೆಲ್ಲಗೆ ಏರತೊಡಗಿತು. ಬೆರಳನ್ನು ಸಡಿಲವಾಗಿ ಒತ್ತಿ, ತುಸು ಆ ಕಡೆ ಸರಿಸಿ ಅದನ್ನು ಸಾಲಿನಲ್ಲಿ ಇಟ್ಟುಕೊಂಡು ನಡೆದೆ. ನಿಲ್ಲಿಸುವ ಮಾತೇ ಇಲ್ಲ.

ನಂತರ ಒಂದು ಉದ್ದದ ಓಟದ ನಡುವೆ ಟ್ರೆಬಲ್ ನಿಂತುಹೋಯಿತು. ಓರೆಗಣ್ಣಿನಲ್ಲಿ ನೋಡಿದೆ. ವಾಲ್ಟರ್ ಅವರ ಬಲಗೈ ತಂತಿಗಳ ಮೇಲೆ ನಡುಗುತ್ತ ನಿಂತಿತ್ತು. ಅವರು ಅದನ್ನು ಯಾರದೋ ಕೈ ಎಂಬಂತೆ ನೋಡುತ್ತಿದ್ದರು. ಜೋನ್ ತಲೆ ತಗ್ಗಿಸಿದಳು. ನಾನು ಗ್ರೌಂಡ್ ಬಿಡಲಿಲ್ಲ. ಒಂದು ಸುತ್ತು ಹೋದೆ, ಇನ್ನೊಂದು ಸುತ್ತು ಹೋದೆ. ಅವಸರವಿಲ್ಲ, ಗಾಬರಿಯಿಲ್ಲ, ಟ್ರೆಬಲ್ ಇಲ್ಲದೆ ಅದನ್ನು ನಡೆಸುವುದನ್ನು ನನ್ನಷ್ಟು ರೂಢಿ ಮಾಡಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಅವರು ಕೈಯನ್ನು ತೊಡೆಗೆ ಒತ್ತಿ ಹಿಡಿದರು, ಬಿಟ್ಟರು, ತಂತಿಯ ಮೇಲೆ ಇಟ್ಟರು. ನನ್ನ ಹೊಸ ಸುತ್ತು ಶುರುವಾಗುವವರೆಗೆ ಕಾದು, ಆ ಓಟವನ್ನು ಮೊದಲಿಂದ ಹಿಡಿದರು. ಈ ಸಲ ದಾಟಿದರು. ಕೊನೆಯವರೆಗೂ ಬಂದರು.

ಚಪ್ಪಾಳೆಯ ನಡುವೆ ಶಂಷಾದ್ ಎದ್ದು ನಮ್ಮ ಹತ್ತಿರವೇ ಬಂದುಬಿಟ್ಟಳು. ಅಲ್ಲಿ ಹಾಗೆಲ್ಲ ಯಾರೂ ಏಳುವುದಿಲ್ಲ. "ಏನಬೇ ವಿಮಲಾ, ಇದು ನಗೂ ಹಾಡು! ಇಷ್ಟ ವರ್ಷ ನೀ ಬಾರಿಸಿದ್ದು ಕೇಳಿ ನಾ ಯಾರೋ ಸತ್ತಾರಂತ ತಿಳದಿದ್ನಲ್ಲಾ!"

"ನಿಮ್ಮ ಗೆಳತಿ ಏನೆಂದರು?" ಎಂದು ವಾಲ್ಟರ್ ಕೇಳಿದರು. ಹೇಳಿದೆ. ಅವರು ಕತ್ತು ಹಿಂದಕ್ಕೆ ಹಾಕಿ ನಕ್ಕರು, ಚರ್ಚು ಎಂಬುದನ್ನೂ ಮರೆತು. ನಂತರ ನನ್ನ ಕಡೆ ಬಗ್ಗಿ, "ಇನ್ನೊಂದು ಸಲ? ಈಗಲೇ? ಕೈ ಇನ್ನೂ ನನ್ನ ಮಾತು ಕೇಳುತ್ತಿದೆ" ಎಂದರು.

ಹೊಸ ತಂತಿ ಆಗಲೇ ಮತ್ತೆ ಇಳಿದಿತ್ತು. ನಾನು ಗೂಟದ ಕಡೆ ಕೈ ಚಾಚಿದೆ, ಹಿಂದಕ್ಕೆ ತೆಗೆದೆ. ಜನರಿಗೆ ಕೂರಲು ಸನ್ನೆ ಮಾಡಿ ಗ್ರೌಂಡ್ ಶುರು ಮಾಡಿದೆ. ಸುತ್ತು ಮುಗಿಯುವ ಮೊದಲೇ, ತಡೆಯಲಾರದೆ, ವಾಲ್ಟರ್ ಒಳಗೆ ಬಂದುಬಿಟ್ಟರು.